ಎಡಗಾಲಿಗೂ ಒಂದು ಜಾಗ ಬೇಕು

ಶುಕ್ರವಾರ ರಾತ್ರಿ ಲ್ಯಾಪ್‌ಟಾಪ್ ಮುಚ್ಚಿ, ಬೆಂಗಳೂರಿನಿಂದ ಹೊರಟು, ಶನಿವಾರ ಬೆಳಗ್ಗೆ ರೇಸ್ ಟ್ರ್ಯಾಕ್ ಮುಟ್ಟುವವರ ಗುಂಪು ಈಗ ಚಿಕ್ಕದೇನಲ್ಲ. ಕೆಲವರು ಚೆನ್ನೈ ಹತ್ತಿರದ ಇರುಂಗಾಟುಕೋಟೈಗೆ ಹೋಗ್ತಾರೆ, ಕೆಲವರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ. ಓಡಿಸೋದು ತಮ್ಮದೇ ಕಾರು, ಸೋಮವಾರ ಆಫೀಸಿಗೆ ಹೋಗುವ ಅದೇ ಕಾರು. ವಾಪಸ್ ಬಂದವರನ್ನು ಕೇಳಿ ನೋಡಿ, ಟಯರ್ ಬಗ್ಗೆ ಹೇಳ್ತಾರೆ, ಟಾಪ್ ಸ್ಪೀಡ್ ಬಗ್ಗೆ ಹೇಳ್ತಾರೆ. ಎಡಗಾಲು ಎಲ್ಲಿತ್ತು ಅಂತ ಕೇಳಿದರೆ ಮಾತ್ರ ಒಂದು ಕ್ಷಣ ಸುಮ್ಮನಾಗ್ತಾರೆ.

ಸಾಮಾನ್ಯವಾಗಿ ಅದು ಕ್ಲಚ್ ಮೇಲೆ ತೇಲುತ್ತಾ ಇರುತ್ತೆ. ಸಿಟಿ ಟ್ರಾಫಿಕ್ ಕಲಿಸಿದ ಚಾಳಿ ಅದು. ಟ್ರ್ಯಾಕ್‌ನಲ್ಲಿ ಇದರ ಫಲ ಮೊದಲು ಕಾಣೋದು ಕೈಯಲ್ಲಿ. ತಿರುವಿನಲ್ಲಿ ಮೈ ಒಂದು ಕಡೆಗೆ ಜಾರುತ್ತೆ, ಕಾಲಿಗೆ ಆಸರೆ ಇಲ್ಲ, ಹಾಗಾಗಿ ನಾವು ಸ್ಟೀರಿಂಗನ್ನೇ ಬಸ್ಸಿನ ಕಂಬಿ ಹಿಡಿದ ಹಾಗೆ ಹಿಡಿದು ನೇತಾಡ್ತೀವಿ. ಸ್ಟೀರಿಂಗ್‌ಗೆ ನೇತುಬಿದ್ದ ಕೈಗೆ ಮುಂದಿನ ಚಕ್ರ ಏನು ಹೇಳ್ತಿದೆ ಅನ್ನೋದು ಗೊತ್ತಾಗಲ್ಲ.

ಕ್ಲಚ್‌ನ ಎಡಕ್ಕೆ, ನೆಲದಿಂದ ಓರೆಯಾಗಿ ಎದ್ದಿರುವ ಒಂದು ಚಪ್ಪಟೆ ಜಾಗ ಇರುತ್ತೆ ನೋಡಿ, ಅದೇ ಡೆಡ್ ಪೆಡಲ್. ಹೆಸರಿಗೆ ಸತ್ತ ಪೆಡಲ್, ಕೆಲಸ ಮಾತ್ರ ಬೇಕಾದಷ್ಟು. ಗೇರ್ ಬದಲಿಸಿದ ತಕ್ಷಣ ಎಡಗಾಲು ಅಲ್ಲಿಗೆ ಹೋಗಬೇಕು, ಹಿಮ್ಮಡಿ ನೆಲಕ್ಕೆ ತಾಗಿರಬೇಕು. ಬ್ರೇಕ್ ಒತ್ತುವಾಗ ಎಡಗಾಲಿನಿಂದ ಅದನ್ನು ತುಳಿದರೆ ಸೊಂಟ ಸೀಟಿಗೆ ಒತ್ತಿ ಕೂರುತ್ತೆ. ಆಗ ಬಲಗಾಲು ತೂಕ ಹೊರುವ ಕೆಲಸ ಬಿಟ್ಟು ಬರೀ ಅಳತೆಯ ಕೆಲಸ ಮಾಡಬಹುದು. ತಿರುವಿನಲ್ಲಿ ಎಡ ಮೊಣಕಾಲನ್ನು ನಡುವಿನ ಕನ್ಸೋಲ್‌ಗೆ ಒರಗಿಸಿದರೆ ಇನ್ನೂ ಒಳ್ಳೆಯದು. ಕೆಲವು ಅಗ್ಗದ ಮಾಡೆಲ್‌ಗಳಲ್ಲಿ ಡೆಡ್ ಪೆಡಲ್ಲೇ ಇರಲ್ಲ. ಅಂಥ ಕಾರಿನಲ್ಲಿ ಪಾದವನ್ನು ಕ್ಲಚ್‌ನ ಎಡಕ್ಕೆ ನೆಲದ ಮೇಲೆ ಗಟ್ಟಿಯಾಗಿ ಊರಿ. ಜಾರುವ ಫ್ಲೋರ್ ಮ್ಯಾಟ್ ಇದ್ದರೆ ಟ್ರ್ಯಾಕ್‌ಗೆ ಇಳಿಯುವ ಮೊದಲೇ ತೆಗೆದು ಡಿಕ್ಕಿಗೆ ಹಾಕಿ.

ಸೀಟಿನ ಅಳತೆಯೂ ಇದಕ್ಕೇ ಸೇರಿದ್ದು. ಬ್ರೇಕನ್ನು ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು. ನೆಟ್ಟಗೆ ಚಾಚಿದ ಕಾಲಿಗೆ ಬಲವೂ ಇಲ್ಲ, ನಾಜೂಕೂ ಇಲ್ಲ.

ಈಗ ಬ್ರೇಕ್ ವಿಷಯ. ಒಂದು ಸಣ್ಣ ಲೆಕ್ಕ ಮನಸ್ಸಿನಲ್ಲಿರಲಿ. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತೆ. ಒಣ ರಸ್ತೆಯಲ್ಲಿ, ಒಳ್ಳೆ ಟಯರ್‌ನಲ್ಲಿ, ಗುರುತ್ವದಷ್ಟೇ ಬಲದಿಂದ ಬ್ರೇಕ್ ಹಿಡಿಯಿತು ಅಂದುಕೊಳ್ಳಿ. 60 ಕಿ.ಮೀ. ವೇಗದಿಂದ ನಿಲ್ಲೋಕೆ ಸುಮಾರು 14 ಮೀಟರ್ ಸಾಕು, 120ರಿಂದ ಸುಮಾರು 57 ಮೀಟರ್ ಬೇಕು. ಇದು ಕಾಲು ಪೆಡಲ್ ಮುಟ್ಟಿದ ಮೇಲಿನ ಲೆಕ್ಕ, ಯೋಚಿಸುವ ಹೊತ್ತಿನಲ್ಲಿ ಓಡಿದ ದೂರ ಇದರಲ್ಲಿ ಸೇರಿಲ್ಲ.

ಹೊಸಬರು ಬ್ರೇಕನ್ನು ಉಲ್ಟಾ ಒತ್ತುತ್ತಾರೆ. ಮೊದಲು ಮೆತ್ತಗೆ, ಆಮೇಲೆ ತಿರುವು ಎದುರಿಗೆ ಬಂದು ನಿಂತಾಗ ಗಾಬರಿಯಿಂದ ಜೋರಾಗಿ. ಸಿಗ್ನಲ್‌ನಲ್ಲಿ ನಿಲ್ಲೋ ಅಭ್ಯಾಸ ಅದು. ಟ್ರ್ಯಾಕ್‌ನಲ್ಲಿ ನೇರ ದಾರಿ ಇರುವಾಗಲೇ ಗಟ್ಟಿ ಬ್ರೇಕ್, ತಿರುವು ಹತ್ತಿರವಾದಂತೆ ಸಡಿಲ. ಗಟ್ಟಿ ಅಂದರೆ ಒದೆಯೋದಲ್ಲ. ಒತ್ತಿದಾಗ ಕಾರಿನ ತೂಕ ಮುಂದಿನ ಚಕ್ರಗಳ ಮೇಲೆ ಬರೋಕೆ ಒಂದು ಚೂರು ಹೊತ್ತು ಹಿಡಿಯುತ್ತೆ, ಆ ತೂಕ ಬಂದ ಮೇಲೇ ಅವು ನೆಲವನ್ನು ಚೆನ್ನಾಗಿ ಕಚ್ಚೋದು. ಅದಕ್ಕೆ ಮೊದಲೇ ಒದ್ದರೆ ಎಬಿಎಸ್ ಗಡಗಡ ಅನ್ನುತ್ತೆ. ನಿಂಬೆಹಣ್ಣು ಹಿಂಡಿದ ಹಾಗೆ, ಬೇಗ ಆದರೆ ಒಂದೇ ಸಮನೆ ಒತ್ತಿ.

ಬಿಡೋದು ಇದಕ್ಕಿಂತ ಕಷ್ಟದ ವಿದ್ಯೆ. ಟಯರ್‌ಗೆ ಇರುವ ಹಿಡಿತ ಒಂದೇ ಜೇಬಿನ ದುಡ್ಡು. ಬ್ರೇಕಿಗೆ ಎಲ್ಲಾ ಖರ್ಚು ಮಾಡಿದರೆ ತಿರುಗಿಸೋಕೆ ಏನೂ ಉಳಿಯಲ್ಲ, ಕಾರು ಸ್ಟೀರಿಂಗ್ ಮಾತು ಕೇಳದೆ ನೇರ ಹೋಗುತ್ತೆ. ಹಾಗಂತ ತಿರುವಿನ ನಡುವೆ ಕಾಲು ಪಟ್ಟನೆ ಎತ್ತಿದರೆ ಮುಂದಿನ ತೂಕ ಹಿಂದಕ್ಕೆ ಹೋಗಿ ಮುಂದಿನ ಚಕ್ರ ಹಿಡಿತ ಕಳೆದುಕೊಳ್ಳುತ್ತೆ. ಸ್ಟೀರಿಂಗ್ ಎಷ್ಟು ತಿರುಗುತ್ತೋ ಅಷ್ಟಷ್ಟೇ ಬ್ರೇಕ್ ಬಿಡುತ್ತಾ ಹೋಗೋದನ್ನು ಟ್ರೇಲ್ ಬ್ರೇಕಿಂಗ್ ಅಂತಾರೆ. ಮೊದಲ ಟ್ರ್ಯಾಕ್ ಡೇಯಲ್ಲೇ ಇದಕ್ಕೆ ಕೈ ಹಾಕಬೇಡಿ, ನೇರ ದಾರಿಯಲ್ಲಿ ಬ್ರೇಕ್ ಮುಗಿಸಿ ತಿರುಗಿಸಿ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. ಎಡಗಾಲಿನಲ್ಲೇ ಬ್ರೇಕ್ ಒತ್ತಬಹುದಾ? ರ‍್ಯಾಲಿಯಲ್ಲಿ ಇದು ಹಳೇ ಕಥೆ. 1962 ಮತ್ತು 63ರಲ್ಲಿ ಸಾಬ್ 96 ಓಡಿಸಿ ಮಾಂಟೆ ಕಾರ್ಲೊ ಗೆದ್ದ ಸ್ವೀಡನ್ನಿನ ಎರಿಕ್ ಕಾರ್ಲ್‌ಸನ್, 1967ರಲ್ಲಿ ಮಿನಿ ಕೂಪರ್‌ನಲ್ಲಿ ಅದೇ ರ‍್ಯಾಲಿ ಗೆದ್ದ ಫಿನ್‌ಲ್ಯಾಂಡಿನ ರೌನೊ ಆಲ್ಟೊನೆನ್, ಇವರೆಲ್ಲ ಎಡಗಾಲಿನ ಉಸ್ತಾದರು. ಎರಡೂ ಮುಂದಿನ ಚಕ್ರ ಎಳೆಯುವ ಕಾರುಗಳು. ಬಲಗಾಲು ಆಕ್ಸಿಲರೇಟರ್ ಮೇಲೇ ಇರುವಾಗ ಎಡಗಾಲಿನಿಂದ ಬ್ರೇಕ್ ಕೊಟ್ಟರೆ ಎಂಜಿನ್ನಿನ ಎಳೆತ ಮುಂದಿನ ಚಕ್ರಗಳನ್ನು ಉರುಳಿಸುತ್ತಾ ಇರುತ್ತೆ, ಹಿಂಭಾಗ ಹಗುರಾಗಿ ಕಾರಿನ ಮೂಗು ತಿರುವಿನ ಒಳಕ್ಕೆ ತಿರುಗುತ್ತೆ. ಫಾರ್ಮುಲಾ ಒನ್‌ನಲ್ಲಿ ಕ್ಲಚ್ ಸ್ಟೀರಿಂಗ್ ಹಿಂದಿನ ಲಿವರ್‌ಗೆ ಹೋದಮೇಲೆ ಎಡಗಾಲು ಖಾಲಿಯಾಯ್ತು. ಆದರೂ ರುಬೆನ್ಸ್ ಬ್ಯಾರಿಕೆಲ್ಲೊ ಬಹುಕಾಲ ಬಲಗಾಲಿನಲ್ಲೇ ಬ್ರೇಕ್ ಒತ್ತುತ್ತಿದ್ದರು, ಹಾಗೇ ರೇಸ್ ಗೆದ್ದರು ಕೂಡ.

ನಿಮ್ಮದು ಮ್ಯಾನ್ಯುಯಲ್ ಕಾರಾದರೆ ಈ ಆಸೆ ಸದ್ಯಕ್ಕೆ ಬಿಡಿ, ಕ್ಲಚ್‌ಗೆ ಎಡಗಾಲು ಬೇಕೇ ಬೇಕು. ಆಟೊಮ್ಯಾಟಿಕ್ ಇದ್ದವರಿಗೆ ಒಂದು ಎಚ್ಚರಿಕೆ. ವರ್ಷಗಟ್ಟಲೆ ಕ್ಲಚ್ ತುಳಿದ ಎಡಗಾಲಿಗೆ ಗೊತ್ತಿರೋದು ಒಂದೇ, ನೆಲಕ್ಕೆ ಮುಟ್ಟಿಸೋದು. ಮೊದಲ ಸಲ ಬ್ರೇಕ್ ಮೇಲೆ ಇಟ್ಟಾಗ ಅದೇ ಮಾಡುತ್ತೆ, ಹಣೆ ಸ್ಟೀರಿಂಗ್ ಹತ್ತಿರ ಬರುತ್ತೆ. ಇದನ್ನು ಕಲಿಯೋಕೆ ಒಳ್ಳೆ ಜಾಗ ಬಾಡಿಗೆ ಗೋ-ಕಾರ್ಟ್. ಅಲ್ಲಿ ಎಡಕ್ಕೆ ಬ್ರೇಕ್, ಬಲಕ್ಕೆ ಆಕ್ಸಿಲರೇಟರ್, ಬೇರೆ ದಾರಿಯೇ ಇಲ್ಲ. ಕಾಲಿಗೆ ನಾಜೂಕು ತಾನಾಗೇ ಬರುತ್ತೆ.

ಕಲಿತ ಮೇಲೂ ರಸ್ತೆಯಲ್ಲಿ ಬೇಡ ಅನ್ನೋದು ನನ್ನ ಖಚಿತ ಅಭಿಪ್ರಾಯ. ಎಡಗಾಲು ಬ್ರೇಕ್ ಮೇಲೆ ಸುಮ್ಮನೆ ಕೂತರೂ ಹಿಂದಿನ ಕೆಂಪು ದೀಪ ಉರಿಯುತ್ತೆ, ಹಿಂದೆ ಬರುವವರಿಗೆ ನೀವು ನಿಲ್ತೀರೋ ಹೋಗ್ತೀರೋ ಗೊತ್ತಾಗಲ್ಲ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಎಮ್ಮೆ ಅಡ್ಡ ಬಂದಾಗ ಮೈ ಪೂರ್ತಿ ಬಿಗಿಯಾಗುತ್ತೆ, ಎರಡೂ ಕಾಲು ಒಟ್ಟಿಗೆ ಒತ್ತುತ್ತವೆ. ಪಕ್ಕದ ಸೀಟಿನಲ್ಲಿ ಅಮ್ಮ ಕೂತಿರುವಾಗ ಆ ಪ್ರಯೋಗ ಯಾಕೆ?

ಟ್ರ್ಯಾಕ್‌ನ ಕೊನೆಯ ಸುತ್ತು ನಿಧಾನವಾಗಿರಲಿ, ಬ್ರೇಕ್ ಆದಷ್ಟು ಮುಟ್ಟದೆ ಗಾಳಿಗೆ ಆರಲಿ. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಕಾದ ಡಿಸ್ಕ್‌ಗೆ ಪ್ಯಾಡ್ ಅಂಟಬಹುದು. ಗೇರ್‌ನಲ್ಲಿ ಬಿಟ್ಟು ಚಕ್ರಕ್ಕೊಂದು ಕಲ್ಲು ಕೊಡಿ. ಬ್ರೇಕ್ ಆಯಿಲ್ ಕಾಲ ಕಳೆದಂತೆ ಗಾಳಿಯ ತೇವ ಹೀರುತ್ತೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಲ್ಲ, ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತೆ. ಕುದ್ದರೆ ಒಳಗೆ ಆವಿಯ ಗುಳ್ಳೆ, ಪೆಡಲ್ ಹತ್ತಿಯ ದಿಂಬು ತುಳಿದ ಹಾಗೆ ಮೆತ್ತಗಾಗುತ್ತೆ. ಹಾಗಾಗಿ ಊರಿಗೆ ಹೊರಡುವ ಮೊದಲು, ಕಾರು ತಣ್ಣಗಾದ ಮೇಲೆ, ಎಂಜಿನ್ ಚಾಲೂ ಮಾಡಿ ಬ್ರೇಕನ್ನು ಒಮ್ಮೆ ಗಟ್ಟಿಯಾಗಿ ಒತ್ತಿ ನೋಡಿ. ಕಾಲು ಮಾಮೂಲಿಗಿಂತ ಕೆಳಗೆ ಹೋದರೆ ಹೈವೇಗೆ ಇಳಿಯಬೇಡಿ. ಆಯಿಲ್ ಬದಲಿಸಿ, ಗಾಳಿ ತೆಗೆಸಿ. ಭಾನುವಾರ ಮೆಕ್ಯಾನಿಕ್ ಸಿಗದಿದ್ದರೆ ಅಲ್ಲೇ ಇನ್ನೊಂದು ರಾತ್ರಿ ಉಳಿದು, ಸೋಮವಾರಕ್ಕೆ ರಜೆ ಹಾಕಿ.