ಓಡಿದ ಗಾಡಿಯೇ ಲೇಸು

ಹಳೆಯದೊಂದು ಇಟಾಲಿಯನ್ ಮೋಟಾರ್ ಸೈಕಲ್ಲನ್ನು ಕೊಳ್ಳಹೊರಟವನ ದೃಷ್ಟಿ ಮೊತ್ತಮೊದಲು ಹೋಗುವುದು ಮೀಟರಿನ ಅಂಕಿಯ ಕಡೆಗೆ. ಆ ಅಂಕಿ ಎಷ್ಟು ಕಿರಿದೋ ವಾಹನ ಅಷ್ಟು ಶ್ರೇಷ್ಠವೆಂದು ಭಾವಿಸಿ, ಇಪ್ಪತ್ತು ವರ್ಷದ ಆಯುಷ್ಯದಲ್ಲಿ ಐದಾರು ಸಾವಿರ ಕಿಲೋಮೀಟರು ಮಾತ್ರ ಚಲಿಸಿ ಉಳಿದ ಕಾಲವನ್ನೆಲ್ಲ ಗ್ಯಾರೇಜಿನ ಮೂಲೆಯಲ್ಲಿ ಹೊದಿಕೆಯಡಿ ಕಳೆದ ಗಾಡಿಗೆ ಅವನು ಸಂತೋಷದಿಂದಲೇ ಅಧಿಕ ಬೆಲೆಯನ್ನು ತೆರುತ್ತಾನೆ. ಮಾರುವವನೂ ಈ ಮನೋಧರ್ಮವನ್ನು ಚೆನ್ನಾಗಿ ಬಲ್ಲವನಾದುದರಿಂದ ಜಾಹೀರಾತಿನ ಮೊದಲ ಪಂಕ್ತಿಯಲ್ಲಿಯೇ ಆ ಅಂಕಿಯನ್ನು ಸಾರಿರುತ್ತಾನೆ. ಉದ್ಯೋಗನಿಮಿತ್ತ ಮಿಲಾನ್, ಟ್ಯೂರಿನ್, ಮ್ಯೂನಿಕ್ ಮೊದಲಾದ ನಗರಗಳಲ್ಲಿ ನೆಲಸಿರುವ ನಮ್ಮ ನಾಡಿನ ತರುಣರಲ್ಲಿ ಈ ವಾಹನಗಳ ಮೋಹಕ್ಕೆ ಒಳಗಾದವರು ಅಲ್ಲೊಬ್ಬರು ಇಲ್ಲೊಬ್ಬರು ಇದ್ದು, ಸಲಹೆ ಕೇಳಿ ನನಗೆ ಬರೆಯುವುದುಂಟು. ಅವರಿಗೆ ನಾನು ಹೇಳುತ್ತ ಬಂದಿರುವ ಮಾತು ಪೇಟೆಯ ನಂಬಿಕೆಗೆ ನೇರ ವಿರುದ್ಧವಾದದ್ದು: ಒಂದೇ ವರ್ಷ ಕಾರ್ಖಾನೆಯಿಂದ ಹೊರಬಿದ್ದ ಎರಡು ಗಾಡಿಗಳಲ್ಲಿ ಒಂದು ಐದು ಸಾವಿರ, ಮತ್ತೊಂದು ಅರುವತ್ತು ಸಾವಿರ ಕಿಲೋಮೀಟರು ಓಡಿದ್ದು, ಎರಡನೆಯದರ ಜೊತೆಯಲ್ಲಿ ಅದರ ರಿಪೇರಿಯ ಬಿಲ್ಲುಗಳ ಕಟ್ಟೊಂದು ಬರುವುದಾದರೆ, ಎರಡನೆಯದನ್ನೇ ಕೊಳ್ಳತಕ್ಕದ್ದು.

ಓಡಿದ ಯಂತ್ರ ಸವೆಯುತ್ತದೆ ಎಂಬುದನ್ನು ಅಲ್ಲಗಳೆಯುವವರಿಲ್ಲ. ನಿಂತ ಯಂತ್ರ ಏನಾಗುತ್ತದೆ ಎಂಬುದನ್ನು ಮಾತ್ರ ವಿಚಾರಿಸುವವರು ವಿರಳ. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುವ ಸ್ವಭಾವದ್ದಾದುದರಿಂದ, ಗಾಡಿ ಓಡಲಿ ಬಿಡಲಿ, ಎರಡು ವರ್ಷಕ್ಕೊಮ್ಮೆ ಅದನ್ನು ಬದಲಾಯಿಸಬೇಕೆಂಬ ನಿಯಮವಿದೆ. ಹತ್ತು ವರ್ಷ ಹಾಗೆಯೇ ಬಿಟ್ಟಲ್ಲಿ ಒಳಗಿನ ಪಿಸ್ಟನ್ನುಗಳು ತುಕ್ಕು ಹಿಡಿದು ತಮ್ಮ ಸ್ಥಾನದಲ್ಲಿಯೇ ಕಚ್ಚಿಕೊಳ್ಳುತ್ತವೆ. ಡೆಲ್ಲೋರ್ತೊ ಕಾರ್ಬುರೇಟರಿನ ತಳದಲ್ಲಿ ಉಳಿದ ಪೆಟ್ರೋಲು ಕ್ರಮೇಣ ಆವಿಯಾಗಿ, ಉಳಿದ ಅಂಟು ಜೆಟ್ಟಿನ ಸೂಕ್ಷ್ಮರಂಧ್ರವನ್ನು ಮುಚ್ಚುತ್ತದೆ. ಎಣ್ಣೆಯ ಸ್ಪರ್ಶ ತಪ್ಪಿದ ಆಯಿಲ್ ಸೀಲುಗಳು ಬಿರುಸಾಗಿ, ಹೊಸ ಯಜಮಾನನ ಮೊದಲ ದೀರ್ಘಪ್ರಯಾಣದಲ್ಲಿಯೇ ಒಸರತೊಡಗುತ್ತವೆ. ಉಕ್ಕಿನ ಟ್ಯಾಂಕಾದರೆ ಒಳಗೆ ತುಕ್ಕು. ಪ್ಲಾಸ್ಟಿಕ್ಕಿನದಾದರೆ, 2000ದ ದಶಕದ ಕೆಲವು ಡುಕಾಟಿಗಳಲ್ಲಿ ಕಂಡುಬಂದಂತೆ, ಪೆಟ್ರೋಲಿಗೆ ಬೆರೆಸಿದ ಎಥನಾಲನ್ನು ಹೀರಿ ಟ್ಯಾಂಕೇ ಉಬ್ಬಿ ಚಾಸಿಸ್ಸಿನ ಮೇಲೆ ಸರಿಯಾಗಿ ಕುಳಿತುಕೊಳ್ಳಲಾರದು. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ಅದು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುವುವು. ಹೊಳೆಯುವ ಬಣ್ಣವನ್ನು ನೋಡಿ ಮರುಳಾಗುವ ಮುನ್ನ ಕೊಳ್ಳುವವನು ಮೊಣಕಾಲೂರಿ ಅದನ್ನೊಮ್ಮೆ ಓದಿಕೊಂಡರೆ, ಗಾಡಿ ಎಷ್ಟು ಕಾಲದಿಂದ ನಿದ್ರಿಸುತ್ತಿದೆ ಎಂಬುದು ಮಾರುವವನ ಬಾಯಿಂದ ಕೇಳಬೇಕಾಗಿಲ್ಲದೆಯೇ ತಿಳಿದುಬರುತ್ತದೆ.

ಗಾಡಿಯನ್ನು ಹೀಗೆ ನಿಲ್ಲಿಸಿಡುವುದಕ್ಕೆ ಉತ್ತರ ಇಟಲಿಯ ಹವಾಮಾನವೂ ಅನುಕೂಲವಾಗಿಯೇ ಇದೆ. ಪೋ ನದಿಯ ಬಯಲಿನಲ್ಲಿ ಚಳಿಗಾಲವಿಡೀ ದಟ್ಟವಾದ ಮಂಜು ಕವಿಯುತ್ತದೆ. ಆ ತಿಂಗಳುಗಳಲ್ಲಿ ಮೋಟಾರ್ ಸೈಕಲ್ಲನ್ನು ಹೊರತೆಗೆಯುವವರು ಕಡಿಮೆ. ಕೆಲವರು ವಾತ್ಸಲ್ಯದಿಂದ, ವಾರಕ್ಕೊಮ್ಮೆ ಗ್ಯಾರೇಜಿಗೆ ಹೋಗಿ ಐದು ನಿಮಿಷ ಎಂಜಿನ್ ಸ್ಟಾರ್ಟ್ ಮಾಡಿ ನಿಲ್ಲಿಸಿ ಬರುತ್ತಾರೆ. ಇದು ಉಪಚಾರವೆಂದು ಅವರ ಎಣಿಕೆ. ಪೂರ್ಣವಾಗಿ ಕಾಯುವ ಮೊದಲೇ ನಿಂತ ಎಂಜಿನ್ನಿನಲ್ಲಿ, ಪೆಟ್ರೋಲು ಉರಿದಾಗ ಹುಟ್ಟಿದ ನೀರಾವಿ ಹೊರಹೋಗಲು ಅವಕಾಶವಿಲ್ಲದೆ ಎಣ್ಣೆಯಲ್ಲಿಯೂ ಸೈಲೆನ್ಸರಿನಲ್ಲಿಯೂ ನೀರಾಗಿ ಇಳಿಯುತ್ತದೆ. ಮಾರ್ಚಿಯವರೆಗೆ ಅದನ್ನು ಮುಟ್ಟದೆ ಬಿಟ್ಟವನೇ ಇವನಿಗಿಂತ ಮೇಲು.

ಇಟಲಿಯ ಯಂತ್ರಗಳೆಂದರೆ ನೋಡಲು ಚೆಲುವು, ನಂಬಲು ಕಷ್ಟ ಎಂಬ ಪ್ರತೀತಿಯೊಂದು ಲೋಕದಲ್ಲಿ ಹಬ್ಬಿದೆ. ಅದರಲ್ಲಿ ಸತ್ಯಾಂಶವಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಆ ಅಪಕೀರ್ತಿಯ ಬಹುಭಾಗ ಯಂತ್ರಕ್ಕೆ ಸೇರಿದ್ದಲ್ಲ, ಅದನ್ನು ಅಲಂಕಾರವಸ್ತುವಾಗಿ ಸಾಕಿದವರಿಗೆ ಸೇರಿದ್ದು. ಕೋಮೊ ಸರೋವರದ ಪೂರ್ವತೀರದಲ್ಲಿ, ಬೆಟ್ಟಕ್ಕೂ ನೀರಿಗೂ ನಡುವಣ ಇಕ್ಕಟ್ಟಾದ ನೆಲದಲ್ಲಿ, ಮಾಂಡೆಲ್ಲೊ ದೆಲ್ ಲಾರಿಯೊ ಎಂಬ ಊರಿದೆ. ಮೊದಲ ಮಹಾಯುದ್ಧದಲ್ಲಿ ಇಟಲಿಯ ವಿಮಾನದಳದಲ್ಲಿ ಸೇವೆಮಾಡುತ್ತಿದ್ದಾಗ ಪರಿಚಿತರಾದ ಕಾರ್ಲೊ ಗುಟ್ಸಿ ಮತ್ತು ಜೋರ್ಜೊ ಪರೋದಿ ಎಂಬ ಮಿತ್ರರು 1921ರಲ್ಲಿ ಸ್ಥಾಪಿಸಿದ ಮೋಟೊ ಗುಟ್ಸಿ ಸಂಸ್ಥೆಯ ಕಾರ್ಖಾನೆ ಇರುವುದು ಅಲ್ಲಿಯೇ. ಯುದ್ಧ ಮುಗಿದೊಡನೆ ವಿಮಾನಾಪಘಾತದಲ್ಲಿ ಮಡಿದ ಮೂರನೆಯ ಗೆಳೆಯ ಜೊವಾನ್ನಿ ರವೆಲ್ಲಿಯ ಸ್ಮರಣಾರ್ಥವಾಗಿ ರೆಕ್ಕೆ ಬಿಚ್ಚಿದ ಹದ್ದು ಆ ಸಂಸ್ಥೆಯ ಲಾಂಛನವಾಯಿತು. ಇಂದು ಹಳೆಯ ಗುಟ್ಸಿಗಳೆಂದು ಜನ ಹುಡುಕಿಕೊಂಡು ಹೋಗುವ ಗಾಡಿಗಳ ಮೂಲಪುರುಷ 1967ರಲ್ಲಿ ತಯಾರಿಕೆಗೆ ಬಂದ ವಿ7. ಇದು ಶ್ರೀಮಂತರ ವಿನೋದಕ್ಕಾಗಿ ಕಲ್ಪಿತವಾದದ್ದಲ್ಲವೆಂಬುದನ್ನು ಮರೆಯಕೂಡದು: ರಸ್ತೆಯ ಪೋಲೀಸರಿಗೆಂದು ಇಟಲಿಯ ಸರ್ಕಾರ ಬಯಸಿದ ಗಾಡಿ ಒಂದು ಲಕ್ಷ ಕಿಲೋಮೀಟರು ಓಡುವವರೆಗೂ ಅಲ್ಪವೆಚ್ಚದ ನಿರ್ವಹಣೆಯಲ್ಲಿ ನಿಲ್ಲುವಂಥದಾಗಿರಬೇಕಿತ್ತು. ಅಂತಹ ದುಡಿಮೆಗಾಗಿ ಜೂಲಿಯೊ ಚೆಸಾರೆ ಕಾರ್ಕಾನೊ ರೂಪಿಸಿದ ಎಂಜಿನ್ನು ಅದು. ಎಂಟು ಸಿಲಿಂಡರಿನ ರೇಸಿನ ಗಾಡಿಯನ್ನು ಕಲ್ಪಿಸಿದ ಅದೇ ಪ್ರತಿಭೆ, ಇಲ್ಲಿ ತೊಂಬತ್ತು ಡಿಗ್ರಿಯ ಕೋನದಲ್ಲಿ ಎಡಬಲಕ್ಕೆ ಚಾಚಿದ ಎರಡೇ ಸಿಲಿಂಡರುಗಳಿಂದ, ಗಾಳಿಯಿಂದಲೇ ತಣಿಯುವ, ಚೈನಿನ ಬದಲು ಶಾಫ್ಟಿನಿಂದ ಹಿಂಚಕ್ರವನ್ನು ತಿರುಗಿಸುವ ಸರಳವಾದ ಯಂತ್ರವನ್ನು ನಿರ್ಮಿಸಿತು. ಆ ಸಿಲಿಂಡರುಗಳ ಶಿರಸ್ಸುಗಳು ಸವಾರನ ಮೊಣಕಾಲಿನ ಮುಂದೆಯೇ ಇರುವುದರಿಂದ, ಟ್ಯಾಪೆಟ್ ಸೆಟ್ಟಿಂಗ್ ಮಾಡಲು ಟ್ಯಾಂಕನ್ನು ಸಹ ಬಿಚ್ಚಬೇಕಾಗಿಲ್ಲ. ಮುಚ್ಚಳದ ಬೋಲ್ಟುಗಳನ್ನು ತೆಗೆದು, ಮಿಲಿಮೀಟರಿನ ಐದನೆಯ ಒಂದು ಭಾಗದ ಆಸುಪಾಸಿನ ಅಂತರವನ್ನು ಫೀಲರ್ ಗೇಜಿನಿಂದ ಅಳೆದು, ಸ್ಕ್ರೂ ತಿರುಗಿಸಿ ನಟ್ಟು ಬಿಗಿದರೆ ಕೆಲಸ ಮುಗಿಯಿತು. ಭಾನುವಾರದ ಬೆಳಗ್ಗೆ ಕಾಫಿಗೂ ಊಟಕ್ಕೂ ನಡುವೆ ಇದನ್ನು ನಿರಾತಂಕವಾಗಿ ಮಾಡಬಹುದು. 1971ರ ವಿ7 ಸ್ಪೋರ್ಟಿಗೆ ಲೀನೊ ತೊಂತಿ ಕಲ್ಪಿಸಿದ ಚಾಸಿಸ್ಸಿನಲ್ಲಂತೂ ಕೆಳಗಿನ ಕೊಳವೆಗಳನ್ನು ಬೋಲ್ಟು ಬಿಚ್ಚಿ ಬೇರ್ಪಡಿಸಿ ಎಂಜಿನ್ನನ್ನು ಇಳಿಸಿಕೊಳ್ಳಬಹುದು. ರಿಪೇರಿ ಮಾಡುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಯಂತ್ರವನ್ನು ರಚಿಸಿದ ಕಾಲವೊಂದಿತ್ತು.

ಎಲ್ಲವೂ ಇಷ್ಟು ಸುಗಮವೆಂದು ಹೇಳಿದರೆ ನಾನೂ ಜಾಹೀರಾತು ಬರೆದಂತಾದೀತು. ಆರಂಭದ ದೊಡ್ಡ ಗುಟ್ಸಿಗಳ ಸಿಲಿಂಡರಿನ ಬೋರಿಗೆ ಕ್ರೋಮಿಯಂ ಲೇಪನವಿತ್ತು. ಕಾಲಾಂತರದಲ್ಲಿ ಅದು ಹಕ್ಕಳೆಯೆದ್ದು ಉದುರುತ್ತದೆ, ಉದುರಿದ ಚೂರುಗಳು ಎಣ್ಣೆಯೊಡನೆ ಹರಿದು ಪಂಪನ್ನೂ ಬೇರಿಂಗುಗಳನ್ನೂ ಹಾಳುಮಾಡುತ್ತವೆ. ಹಳೆಯ ವಿ7ಗಳಲ್ಲಿ ಬದಲಾಯಿಸತಕ್ಕ ಫಿಲ್ಟರೇ ಇರಲಿಲ್ಲವಾಗಿ, ತಂತಿಯ ಜರಡಿಯೊಂದೇ ಆ ಚೂರುಗಳಿಗೂ ಎಂಜಿನ್ನಿಗೂ ನಡುವೆ ನಿಂತಿದ್ದ ಕಾವಲುಗಾರ. 1975ರ 850 ಟಿ3ಯಲ್ಲಿ ಫಿಲ್ಟರೇನೋ ಬಂತು. ಆದರೆ ಅದನ್ನು ಎಣ್ಣೆಯ ತೊಟ್ಟಿಯ ಒಳಗೆ ಅವಿತಿಟ್ಟು, ಬದಲಾಯಿಸಬೇಕಾದಾಗಲೆಲ್ಲ ಒಂದು ಡಜನ್ನಿಗೂ ಮೀರಿದ ಬೋಲ್ಟುಗಳನ್ನು ಬಿಚ್ಚುವಂತೆ ಮಾಡಿದ ಮಹಾನುಭಾವನಾರೋ, ಅವನು ಸ್ವತಃ ಎಂದೂ ಆ ಕೆಲಸ ಮಾಡಿದವನಲ್ಲವೆಂದೇ ನನ್ನ ಗುಮಾನಿ. ಕ್ಲಚ್ಚಿನ ಪ್ಲೇಟು ಕಾರಿನದರಂತೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇರುವುದರಿಂದ ಅದನ್ನು ಬದಲಾಯಿಸಬೇಕಾದರೆ ಅರ್ಧ ಗಾಡಿಯನ್ನೇ ಬಿಚ್ಚಿ ಹರವಿಕೊಳ್ಳಬೇಕು. ಆದಕಾರಣ ಬಿಲ್ಲುಗಳ ಕಟ್ಟನ್ನು ತಿರುವಿಹಾಕುವಾಗ ಹುಡುಕಬೇಕಾದದ್ದು ಎಣ್ಣೆ ಬದಲಾಯಿಸಿದ ಪದ್ದುಗಳನ್ನಲ್ಲ. ಹೊಸ ಬೋರು, ಹೊಸ ಕ್ಲಚ್ಚು, ಶಾಫ್ಟಿನ ಕೀಲಿನ ಪರೀಕ್ಷೆ ಇಂಥವುಗಳನ್ನು. ಅರುವತ್ತು ಸಾವಿರ ಓಡಿದ ಗಾಡಿಯಲ್ಲಿ ಈ ಹುಟ್ಟುರೋಗಗಳು ಈಗಾಗಲೇ ಪ್ರಕಟವಾಗಿ, ಯಾರೋ ಒಬ್ಬರು ತಮ್ಮ ಹಣದಿಂದ ಗುಣಪಡಿಸಿರುತ್ತಾರೆ. ಐದು ಸಾವಿರದ ಗಾಡಿಯಲ್ಲಿ ಅವು ಹೊಸ ಯಜಮಾನನಿಗಾಗಿ ಕಾದಿರುತ್ತವೆ.

ಬೊಲೋನ್ಯದ ಡುಕಾಟಿಯ ವಿಚಾರ ಇನ್ನೂ ಸೂಕ್ಷ್ಮವಾದದ್ದು. ಸಾಮಾನ್ಯ ಎಂಜಿನ್ನಿನಲ್ಲಿ ವಾಲ್ವನ್ನು ತೆರೆಯಲು ಕ್ಯಾಮ್, ಮುಚ್ಚಲು ಸ್ಪ್ರಿಂಗು. ವೇಗ ಮಿತಿಮೀರಿದಾಗ ಸ್ಪ್ರಿಂಗು ಹಿಂದೆ ಬೀಳುತ್ತದೆ. 1954ರಲ್ಲಿ ಆ ಸಂಸ್ಥೆಯನ್ನು ಸೇರಿದ ಫಾಬಿಯೊ ತಲ್ಯೋನಿ ಮುಚ್ಚುವ ಕೆಲಸವನ್ನೂ ಕ್ಯಾಮಿಗೇ ವಹಿಸಿ, 1956ರಲ್ಲಿ ರೇಸಿನ ಗಾಡಿಯಲ್ಲಿಯೂ 1968ರಲ್ಲಿ ಮಾರಾಟದ ಗಾಡಿಯಲ್ಲಿಯೂ ಆ ಡೆಸ್ಮೋ ವಿಧಾನವನ್ನು ತಂದನು. ಪರಿಣಾಮವಾಗಿ ಅಳೆಯಬೇಕಾದ ಅಂತರಗಳು ಎರಡರಷ್ಟಾದುವು; ಸರಿಪಡಿಸಲು ನಟ್ಟು ತಿರುಗಿಸಿದರೆ ಸಾಲದು, ಬೇಕಾದ ದಪ್ಪದ ಶಿಮ್ಮುಗಳನ್ನೇ ಆರಿಸಿ ಇಡಬೇಕು. ಅದಲ್ಲದೆ 1970ರ ದಶಕದ ಅಂತ್ಯದಲ್ಲಿ ಬಂದ ಪಂತಾ ಮಾದರಿಯಿಂದ ಮೊದಲುಗೊಂಡು ಬಹುತೇಕ ಡುಕಾಟಿಗಳಲ್ಲಿ ಈ ಕ್ಯಾಮುಗಳನ್ನು ತಿರುಗಿಸುವುದು ರಬ್ಬರಿನ ಟೈಮಿಂಗ್ ಬೆಲ್ಟು. ಅದನ್ನು ಬದಲಾಯಿಸಲು ಅನೇಕ ಮಾದರಿಗಳಿಗೆ ಸಂಸ್ಥೆ ವಿಧಿಸಿದ್ದ ಗಡುವು 20,000 ಕಿಲೋಮೀಟರು, ಅಥವಾ ಎರಡು ವರ್ಷ, ಯಾವುದು ಮೊದಲೋ ಅದು. ಈಚಿನವುಗಳಲ್ಲಿ ವರ್ಷದ ಮಿತಿ ಐದಕ್ಕೆ ಏರಿದೆ. ರಬ್ಬರು ಓಟವನ್ನು ಮಾತ್ರ ಎಣಿಸುವುದಿಲ್ಲ, ವರ್ಷಗಳನ್ನೂ ಎಣಿಸುತ್ತದೆ. ಬೆಲ್ಟು ಕಡಿದರೆ ಪಿಸ್ಟನ್ನು ವಾಲ್ವಿಗೆ ಬಡಿದು, ಗಾಡಿಯ ಬೆಲೆಯ ಗಣನೀಯ ಭಾಗ ರಿಪೇರಿಯಲ್ಲಿ ಹೋಗುತ್ತದೆ. ಐದು ಸಾವಿರದ ಅಂಕಿಯನ್ನು ತೋರಿಸಿ, ಬೆಲ್ಟು ಕಾರ್ಖಾನೆಯದೇ ಎಂದು ಹೆಮ್ಮೆಯಿಂದ ನುಡಿಯುವ ಮಾರಾಟಗಾರನಿಗೆ ತಾನು ಏನನ್ನು ಒಪ್ಪಿಕೊಳ್ಳುತ್ತಿದ್ದೇನೆಂಬ ಅರಿವಿರುವುದಿಲ್ಲ.

ಮೀಟರಿನ ಅಂಕಿಯಾದರೂ ನಿಜವೇ ಎಂಬ ಪ್ರಶ್ನೆಯೊಂದು ಉಳಿಯಿತು. ಇಟಲಿಯಲ್ಲಿ ಹೊಸ ಗಾಡಿಗೆ ನಾಲ್ಕು ವರ್ಷಕ್ಕೆ, ಅನಂತರ ಎರಡೆರಡು ವರ್ಷಕ್ಕೊಮ್ಮೆ ಕಡ್ಡಾಯ ತಪಾಸಣೆಯುಂಟು. 2018ರಿಂದೀಚೆಗೆ ಆಗ ಕಂಡ ಅಂಕಿಯನ್ನೂ ಪ್ರಮಾಣಪತ್ರದಲ್ಲಿ ಬರೆಯುತ್ತಾರೆ. ಆ ಪತ್ರಗಳನ್ನು ಕೇಳಿ ಪಡೆದು ಸಾಲಾಗಿ ಜೋಡಿಸಿ ನೋಡಿದರೆ ಮೀಟರನ್ನು ಹಿಂದಕ್ಕೆ ತಿರುಗಿಸಿದವನೂ ಸಿಕ್ಕಿಬೀಳುತ್ತಾನೆ, ಗಾಡಿಯನ್ನು ನಿಲ್ಲಿಸಿಯೇ ಇಟ್ಟವನೂ ಸಿಕ್ಕಿಬೀಳುತ್ತಾನೆ.

ನಮ್ಮ ನಾಡಿನಲ್ಲಿದ್ದುಕೊಂಡು ಇಂಥದೊಂದನ್ನು ತರಿಸಿಕೊಳ್ಳುವ ಮಾತು ಬೇರೆ. ತಯಾರಾಗಿ ಮೂರು ವರ್ಷ ಮೀರಿದ ಬಳಸಿದ ವಾಹನವನ್ನು ಆಮದು ಮಾಡಿಕೊಳ್ಳಲು ನಮ್ಮ ನಿಯಮ ಸಾಮಾನ್ಯವಾಗಿ ಅವಕಾಶ ಕೊಡದು. ಆದರೆ ಇಟಲಿಯ ಎರಡು ಚಕ್ರದ ವಾಹನ ನಮಗೆ ಅಪರಿಚಿತವೇನೂ ಅಲ್ಲ: ಪಿಯಾಜಿಯೊ ಸಂಸ್ಥೆಯ ಒಪ್ಪಂದದ ಮೇಲೆ ಬಜಾಜಿನವರು ತಯಾರಿಸಿದ ವೆಸ್ಪ, ಅದರ ವಂಶಜವಾದ ಚೇತಕ್, ಮಿಲಾನಿನ ಇನ್ನೊಚೆಂತಿ ಕಾರ್ಖಾನೆಯ ಯಂತ್ರಸಾಮಗ್ರಿಯನ್ನು 1972ರಲ್ಲಿ ಕೊಂಡ ಲಕ್ನೋದ ಸರ್ಕಾರಿ ಸಂಸ್ಥೆಯ ವಿಜಯ್ ಸೂಪರ್, ಇವೆಲ್ಲ ನಮ್ಮ ಬೀದಿಗಳಲ್ಲಿ ದಶಕಗಟ್ಟಲೆ ಓಡಿದವು. ಬೆಳಗ್ಗೆ ಪಕ್ಕಕ್ಕೆ ವಾಲಿಸಿ ಕಿಕ್ ಹೊಡೆದು, ಸಂಸಾರವನ್ನೆಲ್ಲ ಏರಿಸಿಕೊಂಡು ಹೊರಟ ಆ ಸ್ಕೂಟರುಗಳು ಬಾಳಿದ್ದು ನಿತ್ಯವೂ ಓಡಿದ್ದರಿಂದ, ಮತ್ತು ಪ್ರತಿ ಬೀದಿಯ ತಿರುವಿನಲ್ಲಿ ಅವುಗಳ ಮರ್ಮವನ್ನು ಬಲ್ಲ ಮೆಕ್ಯಾನಿಕ್ಕನೊಬ್ಬ ಇದ್ದುದರಿಂದ. ಯೂರೋಪಿನಲ್ಲಿ ಆ ಮೆಕ್ಯಾನಿಕ್ಕನ ಗಂಟೆಯ ಕೂಲಿ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದ್ದರಿಂದ ಸ್ವಂತ ಕೈಯಿಂದ ಸ್ಪ್ಯಾನರ್ ಹಿಡಿಯಲು ಮನಸ್ಸಿಲ್ಲದವನು ಗುಟ್ಸಿಯನ್ನಾದರೂ ಕೊಂಡಾನು, ಹಳೆಯ ಡುಕಾಟಿಯ ಗೊಡವೆಗೆ ಹೋಗತಕ್ಕದ್ದಲ್ಲ.

ಮೂವತ್ತು ವರ್ಷ ತುಂಬಿದ ವಾಹನಕ್ಕೆ ಇಟಲಿಯಲ್ಲಿ ವಾರ್ಷಿಕ ತೆರಿಗೆಯ ವಿನಾಯಿತಿಯಿದೆ. ಅಂತಹುದನ್ನು ರಸ್ತೆಗೆ ಇಳಿಸಿದರೆ ಮಾತ್ರ ಒಂದು ಅಲ್ಪ ಮೊತ್ತವನ್ನು ಕಟ್ಟಬೇಕು. ಮೊತ್ತ ನಗಣ್ಯವಾದರೂ ಕ್ರಮ ತಲೆಕೆಳಗಾದದ್ದೆಂದು ನನಗೆ ತೋರುತ್ತದೆ. ಸಂಗ್ರಾಹಕರ ಪೇಟೆಯೂ ಇದೇ ತರ್ಕವನ್ನು ಅನುಸರಿಸಿ, ಎಂದೂ ಓಡದ ಗಾಡಿಗೆ ಕಿರೀಟವಿಟ್ಟು ಕೂರಿಸಿದೆ. ಹಾಗಿದ್ದೂ ಅಲ್ಪ ಅಂಕಿಯ ಗಾಡಿಯೇ ಬೇಕೆಂದು ಹಟ ಹಿಡಿಯುವವರು, ಹೇಳಿದ ಬೆಲೆಯಿಂದ ಬೆಲ್ಟು, ಟೈರು, ಸೀಲುಗಳು, ಬ್ರೇಕು, ಕಾರ್ಬುರೇಟರುಗಳ ಪೂರ್ಣ ವೆಚ್ಚವನ್ನು ಮಾರುವವನ ಎದುರಿನಲ್ಲಿಯೇ ಒಂದೊಂದಾಗಿ ಕಳೆದು, ಉಳಿದ ಮೊತ್ತವನ್ನು ಮುಂದಿಡಲಿ. ಅವನು ಒಪ್ಪಿದರೆ ವ್ಯಾಪಾರ ನ್ಯಾಯವಾದದ್ದೇ. ಮುನಿಸಿಕೊಂಡು ಎದ್ದುಹೋದರೂ ನಷ್ಟವೇನಿಲ್ಲ. ಅರುವತ್ತು ಸಾವಿರ ಓಡಿದ, ಬಿಲ್ಲುಗಳ ಸಹಿತವಾದ, ಸಿಲಿಂಡರಿನ ಮೇಲೆ ಒಂದೆರಡು ಗೀರುಗಳಿರುವ ಗಾಡಿಗಳು ಬೇಕಾದಷ್ಟು ಮಾರಾಟಕ್ಕಿವೆ, ಅವುಗಳನ್ನು ಕೇಳುವವರೇ ಕಡಿಮೆ.