ಮಳೆನಕ್ಷತ್ರಗಳೂ ಆಲೇಖದ ವ್ಯಾಕರಣವೂ

ಋತುಮಾನದ ಅಂಕಿಅಂಶಗಳನ್ನು ಗುಂಪುಗೂಡಿಸಿ ಆಲೇಖವಾಗಿಸುವ ಕೆಲಸ ಸಂಖ್ಯಾಶಾಸ್ತ್ರಕ್ಕೆ ಸೇರಿದ್ದೆಂಬ ಗ್ರಹಿಕೆ ಕನ್ನಡ ಅಧ್ಯಯನ ವಲಯದಲ್ಲಿ ಬಲವಾಗಿದೆ. ಆದರೆ ಗುಂಪುಗೂಡಿಸುವುದೆಂದರೆ ಗಡಿ ಎಳೆದು ಹೆಸರಿಡುವುದು; ಹೆಸರಿಡುವುದು ಭಾಷೆಯ ವ್ಯವಹಾರ. ಲೆಲ್ಯಾಂಡ್ ವಿಲ್ಕಿನ್ಸನ್ 1999ರಲ್ಲಿ ಪ್ರಕಟಿಸಿದ ಗ್ರಂಥಕ್ಕೆ ‘ಆಲೇಖಗಳ ವ್ಯಾಕರಣ’ ಎಂಬರ್ಥದ ಶೀರ್ಷಿಕೆಯನ್ನೇ ಕೊಟ್ಟನು. ಆ ಚಿಂತನೆಯನ್ನು ಆಧರಿಸಿ ಹ್ಯಾಡ್ಲಿ ವಿಕ್‌ಹ್ಯಾಮ್ ರೂಪಿಸಿದ ಜಿಜಿಪ್ಲಾಟ್2 ಎಂಬ ಆರ್ ತಂತ್ರಾಂಶದ ಪೊಟ್ಟಣ 2007ರಿಂದ ಬಳಕೆಯಲ್ಲಿದೆ. ದತ್ತಾಂಶ, ಅಕ್ಷ, ಆಕಾರ, ವಿಭಾಗ ಎಂಬ ಘಟಕಗಳನ್ನು ನಿಯಮಬದ್ಧವಾಗಿ ಕೂಡಿಸುವ ಅದರ ಕ್ರಮ, ಪ್ರಕೃತಿ ಪ್ರತ್ಯಯಗಳನ್ನು ಕೇಶಿರಾಜನಲ್ಲಿ ಓದಿದವರಿಗೆ ತೀರ ಅಪರಿಚಿತವೆನಿಸಲಾರದು.

ಕರ್ನಾಟಕದ ಮಳೆಯ ದತ್ತಾಂಶವನ್ನೇ ನೋಡಬಹುದು. ಭಾರತೀಯ ಹವಾಮಾನ ಇಲಾಖೆ ವರ್ಷವನ್ನು ನಾಲ್ಕಾಗಿ ವಿಂಗಡಿಸುತ್ತದೆ: ಜನವರಿ-ಫೆಬ್ರವರಿ, ಮಾರ್ಚ್-ಮೇ, ಜೂನ್-ಸೆಪ್ಟೆಂಬರ್, ಅಕ್ಟೋಬರ್-ಡಿಸೆಂಬರ್. ರೈತನ ವರ್ಷ ಬೇರೆ. ಸೂರ್ಯನು ಒಂದೊಂದು ನಕ್ಷತ್ರದಲ್ಲಿರುವ 13 ಅಥವಾ 14 ದಿನಗಳ ಅವಧಿಯೇ ಒಂದು ‘ಮಳೆ’. ಏಪ್ರಿಲ್ ಮಧ್ಯಭಾಗದ ಅಶ್ವಿನಿಯಿಂದ ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರಾ, ಆರ್ದ್ರಾ ಎಂದು ಅದು ಮುಂದುವರಿಯುತ್ತದೆ. ಈ ಎರಡು ವಿಂಗಡಣೆಗಳನ್ನು ಒಂದರ ಮೇಲೊಂದು ಇಟ್ಟಾಗ ಗಮನಾರ್ಹ ಸಂಗತಿಯೊಂದು ಹೊರಬೀಳುತ್ತದೆ. ಮೇ 31ರ ಗಡಿ ರೋಹಿಣಿ ಮಳೆಯನ್ನು ಸೀಳುತ್ತದೆ. ಸೆಪ್ಟೆಂಬರ್ 30ರ ಗಡಿ ಹಸ್ತ ಮಳೆಯನ್ನು ಸೀಳುತ್ತದೆ. ಗಾದೆಗಳು ಹಾಡಿಹೊಗಳುವ ಭರಣಿಯಂತೂ ಮುಂಗಾರಿನ ಲೆಕ್ಕದೊಳಗೆ ಬರುವುದೇ ಇಲ್ಲ.

ಇದು ಬರಿಯ ಹೆಸರಿನ ತಕರಾರಲ್ಲ. ನಾಲ್ಕು ತಿಂಗಳ ಒಟ್ಟು ಮಳೆ ಸಮನಾಗಿರುವ ಎರಡು ವರ್ಷಗಳನ್ನು ಊಹಿಸಿಕೊಳ್ಳಬಹುದು. ಒಂದರಲ್ಲಿ ಮಳೆ ಹದವಾಗಿ ಹಂಚಿಕೆಯಾಗಿದೆ. ಇನ್ನೊಂದರಲ್ಲಿ ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಮಘೆ, ಪುಬ್ಬೆ ಎರಡೂ ಕೈಕೊಟ್ಟು ಕೊನೆಗೆ ಉತ್ತರೆ ಸುರಿದಿದೆ. ಋತುವಿಗೊಂದರಂತೆ ಎಳೆದ ಸ್ತಂಭಗಳಲ್ಲಿ ಎರಡು ವರ್ಷಗಳಿಗೂ ಒಂದೇ ಎತ್ತರ. ಹೊಲದಲ್ಲಿ ಒಂದು ಬೆಳೆ, ಇನ್ನೊಂದು ಸಾಲ. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯೇ ಒಟ್ಟು ಕೊರತೆಯೊಂದಿಗೆ ಶುಷ್ಕ ಅವಧಿಯನ್ನೂ ಪರಿಗಣಿಸುತ್ತದೆ. ಹೀಗಿರುವಾಗ ಆಲೇಖಗಳು ಮಾತ್ರ ಸರಾಸರಿಯ ಸ್ತಂಭಗಳಿಗೇ ಜೋತುಬೀಳುವುದು ವಿಚಿತ್ರ.

ತಂತ್ರಾಂಶವೂ ತಟಸ್ಥವಲ್ಲ. ಹೆಸರುಗಳ ಗುಂಪನ್ನು ಕೊಟ್ಟರೆ ಆರ್ ಅದನ್ನು ತಾನಾಗಿಯೇ ಅಕಾರಾದಿಯಲ್ಲಿ ಜೋಡಿಸುತ್ತದೆ. ಕನ್ನಡದಲ್ಲಿ ತಿಂಗಳುಗಳು ಅಕ್ಟೋಬರ್, ಆಗಸ್ಟ್, ಏಪ್ರಿಲ್, ಜನವರಿ ಎಂದು ನಿಲ್ಲುತ್ತವೆ; ನವೆಂಬರಿನ ಅನುರಾಧಾ ಏಪ್ರಿಲಿನ ಅಶ್ವಿನಿಗಿಂತ ಮುಂದೆ ಬರುತ್ತದೆ. ನಿಘಂಟಿಗೆ ಸರಿ, ಬೇಸಾಯಕ್ಕಲ್ಲ. ಕ್ರಮವನ್ನು ಸಂಶೋಧಕನೇ ಬರೆದು ಕೊಡಬೇಕು. (ನುಡಿ ತಂತ್ರಾಂಶದ ಹಳೆಯ ಅಕ್ಷರ ಸಂಕೇತದಲ್ಲಿರುವ ಪಟ್ಟಿಗಳಿಗೆ ಈ ಅಕಾರಾದಿಯ ಭಾಗ್ಯವೂ ಇಲ್ಲ, ಅವನ್ನು ಮೊದಲು ಯುನಿಕೋಡಿಗೆ ತರಬೇಕು.) ಮಾನದ ಪ್ರಶ್ನೆ ಇನ್ನೂ ಸೂಕ್ಷ್ಮ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯನ್ನೂ ಅದರ ಹತ್ತನೆಯ ಒಂದು ಭಾಗವೂ ಇಲ್ಲದ ಚಳ್ಳಕೆರೆಯನ್ನೂ ಒಂದೇ ಅಕ್ಷದ ಮೇಲಿಟ್ಟರೆ ಚಳ್ಳಕೆರೆ ನೆಲಕ್ಕಂಟಿದ ಗೆರೆಯಾಗುತ್ತದೆ. ಪ್ರತಿ ಊರಿಗೂ ಪ್ರತ್ಯೇಕ ಅಕ್ಷ ಕೊಟ್ಟರೆ ಎರಡೂ ಊರುಗಳು ಸಮಾನ ಮಳೆಯವೆಂಬ ಭ್ರಮೆ ಹುಟ್ಟುತ್ತದೆ. ಒಂದೊಂದು ಊರಿನೊಳಗಿನ ಏರಿಳಿತವೇ ಮುಖ್ಯವಾದಲ್ಲಿ ಎರಡನೆಯದೇ ಮೇಲು. ಆದರೆ ಅಕ್ಷಗಳು ಬೇರೆಯೆಂಬುದನ್ನು ಚಿತ್ರದ ಕೆಳಗೆ ಬರೆಯಲೇಬೇಕು.

ಸರಾಸರಿಯ ಸ್ತಂಭಕ್ಕಿಂತ ಜಾನ್ ಟ್ಯೂಕಿ 1977ರ ತನ್ನ ಗ್ರಂಥದ ಮೂಲಕ ಜನಪ್ರಿಯಗೊಳಿಸಿದ ಪೆಟ್ಟಿಗೆ ಆಲೇಖ ಹೆಚ್ಚು ಪ್ರಾಮಾಣಿಕ. ಮಧ್ಯಾಂಕ, ಅದರ ಸುತ್ತಲಿನ ಅರ್ಧದಷ್ಟು ವರ್ಷಗಳ ಹರವು, ಹೊರಗುಳಿದ ಅತಿವೃಷ್ಟಿಯ ವರ್ಷ, ಎಲ್ಲವೂ ಅಲ್ಲಿ ಕಾಣುತ್ತವೆ. ಕಾಲಾನುಕ್ರಮ ಮಾತ್ರ ಕಾಣದು. ಅದಕ್ಕೆ ಆರ್‌ನಲ್ಲಿರುವ ‘ಮಂತ್‌ಪ್ಲಾಟ್’ ಆಜ್ಞೆಯ ವಿಧಾನ ತಕ್ಕುದು: ಪ್ರತಿ ತಿಂಗಳಿಗೂ ಒಂದು ಕಿರುಸರಣಿ, ಅದರೊಳಗೆ ವರ್ಷಗಳು ಸಾಲಾಗಿ. ತಿಂಗಳ ಜಾಗದಲ್ಲಿ ನಕ್ಷತ್ರವನ್ನಿಟ್ಟರೆ, ಆರ್ದ್ರಾ ಮಳೆ ದಶಕದಿಂದ ದಶಕಕ್ಕೆ ಕ್ಷೀಣಿಸಿದೆಯೇ ಎಂಬ ಹಳ್ಳಿಯ ಹಿರಿಯರ ಪ್ರಶ್ನೆಯನ್ನು ನೇರವಾಗಿ ಕೇಳಬಹುದು.

ತಿಂಗಳ ಮೊತ್ತಗಳಿಂದ ಇದು ಸಾಧ್ಯವಿಲ್ಲ. ದಿನವಹಿ ದತ್ತಾಂಶ ಬೇಕು. ಹವಾಮಾನ ಇಲಾಖೆಯ ಚೌಕಜಾಲದ ದಿನವಹಿ ಮಳೆ ಮಾಹಿತಿ 1901ರಿಂದ ಲಭ್ಯವಿದೆ. ನಕ್ಷತ್ರ ಪ್ರವೇಶದ ದಿನವೂ ಅಯನಚಲನೆಯಿಂದಾಗಿ ಸುಮಾರು 71 ವರ್ಷಕ್ಕೆ ಒಂದು ದಿನ ಮುಂದಕ್ಕೆ ಸರಿಯುತ್ತದೆಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಆದರೆ ನಿಜವಾದ ತೊಡಕಿರುವುದು ಸಂಖ್ಯೆಗಳ ಕಡೆಗಲ್ಲ. ಮಲೆನಾಡಿನ ಗಾದೆಯನ್ನು ಬಯಲುಸೀಮೆಯ ಮಳೆಮಾಪಕದೆದುರು ಇಟ್ಟು ಸುಳ್ಳೆನ್ನುವುದು ನ್ಯಾಯವಲ್ಲ. ಗಾದೆ ದೊರೆತ ಊರಿನ ಹೆಸರನ್ನು ದಾಖಲಿಸದ ಸಂಕಲನವನ್ನು ಯಾವ ಮಳೆಮಾಪಕದೆದುರು ಇಡಬೇಕೆಂಬುದನ್ನು ಯಾವ ತಂತ್ರಾಂಶವೂ ಹೇಳಲಾರದು.