ಬೆಟ್ಟವನ್ನು ಉಳುವ ಗಾಲಿಗಳು

ಭಾನುವಾರದ ಮುಂಜಾನೆ ಮಧುರೆಯಿಂದ ದೊಡ್ಡಬಳ್ಳಾಪುರದ ಕಡೆಗೆ ಹೋಗುವವರಿಗೆ ಈಚೆಗೆ ಒಂದು ನೋಟ ಅಪರೂಪವಲ್ಲ. ದಪ್ಪ ಟೈರಿನ ಜೀಪುಗಳು ರಾಜಧಾನಿಯಿಂದ ಸಾಲುಗಟ್ಟಿ ಬಂದು, ಡಾಂಬರು ರಸ್ತೆಯನ್ನು ತೊರೆದು ಗೋಮಾಳಕ್ಕೂ ಗುಡ್ಡದ ಸೆರಗಿಗೂ ನುಗ್ಗುತ್ತವೆ. ಎ.ಟಿ.ವಿ. ಎಂಬ ಸಣ್ಣ ನಾಲ್ಕುಗಾಲಿ ಬಂಡಿಗಳೂ ಒಮ್ಮೊಮ್ಮೆ ಜೊತೆಗೂಡುತ್ತವೆ. ಸಂಜೆಗೆ ಬಂದವರೆಲ್ಲ ಹಿಂದಿರುಗುತ್ತಾರೆ; ಗಾಲಿಯ ಗಾಯ ಮಾತ್ರ ಇಲ್ಲಿಯೇ ಉಳಿಯುತ್ತದೆ. ಇದಕ್ಕೆ ಸಾಹಸವೆಂದು ಹೆಸರಿಟ್ಟಿದ್ದಾರೆ. ಆ ಹೆಸರು ಸಲ್ಲದೆಂಬುದೇ ನನ್ನ ವಾದ.

ಗಾಯವೆಂದುದು ಅಲಂಕಾರದ ಮಾತಲ್ಲ. ಈ ವಾಹನಗಳಲ್ಲಿ ಯಂತ್ರದ ಬಲವು ನಾಲ್ಕು ಗಾಲಿಗಳಿಗೂ ಹರಿಯುತ್ತದೆ. ಏರಿನಲ್ಲಿ ಜಾರಿದ ಗಾಲಿ ನಿಂತಲ್ಲೇ ತಿರುಗಿ ಹುಲ್ಲನ್ನು ಬೇರುಸಹಿತ ಕಿತ್ತೆಸೆಯುತ್ತದೆ. ಉಳಿದ ಮಣ್ಣು ಭಾರಕ್ಕೆ ಗಟ್ಟಿಯಾಗಿ ನೀರನ್ನು ಹೀರಲಾರದು. ಮುಂದಿನ ಮಳೆಯ ನೀರು ಆ ಜಾಡನ್ನೇ ಹಿಡಿದು ಓಡುತ್ತದೆ. ಇಂದು ಗೇಣುದ್ದದ ಗೀರು, ನಾಲ್ಕು ಮಳೆಗಾಲ ಕಳೆದರೆ ಕೊರಕಲು. ಕೊಚ್ಚಿಹೋದ ಮಣ್ಣು ಎಲ್ಲಿ ಸೇರಬೇಕು? ಕೆಳಗಿನ ಕೆರೆಯಲ್ಲಿ.

ನಮ್ಮ ಸೀಮೆಗೆ ಇದು ಸಣ್ಣ ಸಂಗತಿಯೆ? ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಅರ್ಕಾವತಿ ಈ ತಾಲ್ಲೂಕಿನ ಕೆರೆಗಳ ಸರಣಿಯಲ್ಲಿ ಇಳಿದು ಹೆಸರುಘಟ್ಟಕ್ಕೆ ಸೇರಬೇಕು. 1894ರಲ್ಲಿ ನಿರ್ಮಾಣವಾದ ಆ ಜಲಾಶಯದಿಂದ ಬೆಂಗಳೂರು ನೀರು ಕುಡಿಯಿತು. ಇಂದು ಆ ನಗರಕ್ಕೆ ನೀರು ದೂರದ ಕಾವೇರಿಯಿಂದ ಬರುತ್ತದೆ. ನಮ್ಮ ಹೊಳೆಯೋ ವರ್ಷದ ಬಹುಕಾಲ ಬರಿಯ ಹೆಸರು. ಇದಕ್ಕೆ ಜೀಪುಗಳೇ ಕಾರಣವೆಂದು ನಾನು ಹೇಳಲಾರೆ. ಕೊಳವೆಬಾವಿ, ಕಲ್ಲುಗಣಿ, ಮುಚ್ಚಿಹೋದ ಕಾಲುವೆಗಳ ಪಾಪ ಹಿರಿದು. ಆದರೆ ಬಡಕಲಾದ ದೇಹಕ್ಕೆ ಸಣ್ಣ ಏಟೂ ದೊಡ್ಡದೆಂಬುದನ್ನು ಮರೆಯಬಾರದು.

ಹೆಸರುಘಟ್ಟದ ಹುಲ್ಲುಗಾವಲನ್ನೇ ನೋಡಿರಿ. ಅದನ್ನು 'ಬರಿಯ ಬಯಲು' ಎನ್ನುವವರಿಗೆ 2011ರಲ್ಲಿ ಅಲ್ಲಿ ಲೆಸ್ಸರ್ ಫ್ಲೋರಿಕನ್ ಎಂಬ ಅತಿ ವಿರಳ ಹಕ್ಕಿ ಕಾಣಿಸಿಕೊಂಡದ್ದು ತಿಳಿದಿರಲಿಕ್ಕಿಲ್ಲ. ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳಿಗೆ ಗಾಲಿ ಹಾವಿಗಿಂತ ಕ್ರೂರ. 2021ರಲ್ಲಿ ತಿರಸ್ಕೃತವಾದ ರಕ್ಷಣೆಯ ಪ್ರಸ್ತಾವಕ್ಕೆ ರಾಜ್ಯ ವನ್ಯಜೀವಿ ಮಂಡಳಿಯು ಕೊನೆಗೆ 2024ರಲ್ಲಿ ಒಪ್ಪಿಗೆ ನೀಡಿತು. ಆದರೆ ಕಾಗದದ ರಕ್ಷಣೆ ಗಾಲಿಯನ್ನು ತಡೆಯುವುದಿಲ್ಲ, ಕಾವಲು ಬೇಕು.

ಎದುರುವಾದಗಳೂ ಉಂಟು. 'ದನಕರುಗಳ ಗೊರಸು ನೆಲವನ್ನು ತುಳಿಯದೆ?' ಎನ್ನುವರು. ತುಳಿಯುತ್ತದೆ; ಆದರೆ ದನವು ಏರನ್ನು ಓರೆಯಾಗಿ ಹತ್ತುತ್ತದೆ, ಪಂದ್ಯಕ್ಕಾಗಿ ನೆಟ್ಟಗೆ ಸೀಳುವುದಿಲ್ಲ. 'ಕೊಡಚಾದ್ರಿಗೆ ಜೀಪು ಹೋಗದೆ?' ಎನ್ನುವರು. ಹೋಗುತ್ತದೆ, ಅದು ಗೊತ್ತಾದ ಒಂದೇ ದಾರಿ, ಚಾಲಕನ ಅನ್ನದ ದಾರಿ. ದಿನಕ್ಕೊಂದು ಹೊಸ ದಾರಿ ಕೊರೆಯುವ ಚಪಲಕ್ಕೆ ಅದು ಸಾಕ್ಷಿಯಾಗಲಾರದು. 'ನಾವೂ ಪ್ರಕೃತಿಪ್ರಿಯರು' ಎಂಬುದು ಮೂರನೆಯ ಮಾತು. ಪ್ರೀತಿಸುವವನು ನಡೆದು ಹೋಗಲಿ; ಮಾಕಳಿದುರ್ಗವೂ ಶಿವಗಂಗೆಯೂ ಕಾಲ್ನಡೆಯವರಿಗೆ ಬಾಗಿಲು ಮುಚ್ಚಿಲ್ಲ.

ಯುವಕರ ಹುರುಪನ್ನು ಹಿಸುಕಬೇಕೆಂದು ನನ್ನ ತಾತ್ಪರ್ಯವಲ್ಲ. ನೀರಿನ ಹರಿವಿಗೆ ಅಡ್ಡಿಯಾಗದ ಖಾಸಗಿ ಜಮೀನಿನಲ್ಲಿ, ಒಡೆಯನ ಒಪ್ಪಿಗೆ ಪಡೆದು, ಬೇಲಿಯ ಒಳಗೆ ಅವರು ಎಷ್ಟು ಬೇಕಾದರೂ ಕೆಸರಾಡಲಿ. ಗೋಮಾಳ, ಕೆರೆಯಂಗಳ, ಕಾಲುವೆ, ಗುಡ್ಡಗಳ ಬಾಯಿಗೆ ಪಂಚಾಯತಿಗಳು ಕಲ್ಲು ನೆಡಲಿ. ಅರಣ್ಯ ಇಲಾಖೆಯು ತನ್ನ ಕಾಯಿದೆಯನ್ನು ಕಪಾಟಿನಿಂದ ಹೊರತೆಗೆಯಲಿ.

ವಾಚಕಮಹಾಶಯರೇ, ಈ ವಾಹನಗಳು ಅನ್ಯಲೋಕದಿಂದ ಬಂದವಲ್ಲ. ವಿದ್ಯಾವಂತರ ಮನೆಯಂಗಳದಿಂದಲೇ ಹೊರಟವು. ಆದುದರಿಂದ ಮೊದಲನೆಯ ಕಾವಲು ಅಲ್ಲಿಯೇ ಆರಂಭವಾಗಬೇಕು. ಬೀಗದ ಕೈಯನ್ನು ಮಗನ ಕೈಗಿಡುವಾಗ ಒಂದು ಪ್ರಶ್ನೆ ಕೇಳಿರಿ: 'ಎಲ್ಲಿಗೆ ಹೋಗುವೆ?' ಎಂದಲ್ಲ, 'ಯಾರ ನೆಲದ ಮೇಲೆ?' ಎಂದು.